799 ರೂಪಾಯಿಯ 2 ಟಿಬಿ ಪೆನ್ ಡ್ರೈವ್ ನುಂಗಿದ ಮದುವೆ ವಿಡಿಯೊ

ಮೊಬೈಲ್‌ನಲ್ಲಿ ರೀಲ್ಸ್ ನೋಡುವಾಗ ನಡುವೆ ಒಂದು ಜಾಹೀರಾತು ಬರುತ್ತದೆ. "2 ಟಿಬಿ ಪೆನ್ ಡ್ರೈವ್, ಬರೀ 799 ರೂಪಾಯಿ, ಇವತ್ತೊಂದೇ ದಿನ." ಹೊಳೆಯುವ ಲೋಹದ ಮೈ, ಕೀಲಿಕೈಗೆ ಸಿಕ್ಕಿಸಲು ಉಂಗುರ, ಇನ್ನೊಂದು ತುದಿಯಲ್ಲಿ ಮೊಬೈಲ್‌ಗೆ ಹಾಕುವ ಟೈಪ್ ಸಿ ಪಿನ್. ತಗೋಬೇಡಿ. ಬಣ್ಣ ಬೇರೆ ಇರಬಹುದು, ಮೇಲಿನ ಹೆಸರು ಬೇರೆ ಇರಬಹುದು, 1 ಟಿಬಿ (ಸಾವಿರ ಜಿಬಿ) ಅಂತಲೂ ಇರಬಹುದು. ಆಗಲೂ ತಗೋಬೇಡಿ. ಗದಗ ಬೆಟಗೇರಿಯಲ್ಲಿರುವ ನಮ್ಮ ಕಾಕಾನ ಮನೆಯಲ್ಲಿ ಇದರಿಂದ ಏನಾಯಿತು ಅಂತ ಬರೆಯುತ್ತಿದ್ದೇನೆ. ಹೋದ ಎಂಟುನೂರು ರೂಪಾಯಿ ದೊಡ್ಡ ಮಾತಲ್ಲ.

ಕಾಕಾನ ಫೋನ್ ಯಾವಾಗ ನೋಡಿದರೂ ಸ್ಟೋರೇಜ್ ಫುಲ್ ಅಂತಿತ್ತು. ಮೊದಲು ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಫೋಟೊ ಹಾಕಿದರೂ ನಡೆಯುತ್ತಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಈಗ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್‌ಗೂ ಡ್ರೈವ್‌ಗೂ ಪಾಲು. ಜಾಸ್ತಿ ಬೇಕಾದರೆ ಹಣ ಕಟ್ಟಬೇಕು. "ಫೋಟೊ ಇಡಾಕ ತಿಂಗಳಾ ತಿಂಗಳಾ ಯಾರ್ ರೊಕ್ಕ ಕಟ್ತಾರ?" ಅಂದ ಕಾಕಾ. ಅವನ ಮಾತಿನಲ್ಲಿ ತಪ್ಪೇನಿಲ್ಲ. ಅಷ್ಟೊತ್ತಿಗೆ ಸರಿಯಾಗಿ ಈ ಜಾಹೀರಾತು ಕಣ್ಣಿಗೆ ಬಿತ್ತು. ಕೊರಿಯರ್‌ನವನು ಮನೆ ಬಾಗಿಲಿಗೆ ತಂದು ಕೊಟ್ಟ, ಕಾಕಾ ರೊಕ್ಕ ಎಣಿಸಿಕೊಟ್ಟ.

ಲ್ಯಾಪ್‌ಟಾಪ್‌ಗೆ ಹಾಕಿದರೆ 1.95 ಟಿಬಿ ಅಂತಲೇ ತೋರಿಸಿತು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಕಾಕಾನ ಮಗ ಕುಳಿತು ಎಲ್ಲವನ್ನೂ ಅದಕ್ಕೆ ತುಂಬಿದ. ಮೊದಲು ಕಾಕಾನ ಫೋನಿನ ಹಳೆ ಫೋಟೊ, ಆಮೇಲೆ ತಂಗಿಯ ಮದುವೆಯ ಫೋಟೊ-ವಿಡಿಯೊ, ಕೊನೆಗೆ ಚಿಗವ್ವನ ಫೋನಿನದು. ಒಟ್ಟು ನೂರು ಜಿಬಿಗೂ ಜಾಸ್ತಿ. ಕಾಪಿ ನೂರಕ್ಕೆ ನೂರು ಆಯಿತು, ಒಂದೂ ಎರರ್ ಬರಲಿಲ್ಲ. ಫೋಲ್ಡರ್ ತೆಗೆದು ನೋಡಿದ, ಎಲ್ಲ ಫೈಲೂ ಇದ್ದವು. ಫೋನ್‌ಗಳನ್ನು ಖಾಲಿ ಮಾಡಿದರು. ಫೋಟೊಗ್ರಾಫರ್ ಕೊಟ್ಟಿದ್ದ ಹಾರ್ಡ್ ಡಿಸ್ಕನ್ನು ಅವರಿಗೆ ವಾಪಸ್ ಕೊಟ್ಟರು.

ಪಂಚಮಿಗೆ ತಂಗಿ ತವರಿಗೆ ಬಂದಳು. ಉಂಡಿ ತಿನ್ನುತ್ತಾ ಮದುವೆ ವಿಡಿಯೊ ನೋಡೋಣ ಅಂತ ಪೆನ್ ಡ್ರೈವನ್ನು ಟಿವಿಗೆ ಹಾಕಿದರು. ಹಳೆ ಫೋಟೊಗಳು ಚೆಂದಾಗಿ ಬಂದವು. ಮದುವೆಯ ಫೋಲ್ಡರ್‌ನಲ್ಲಿ ಅರಿಶಿಣದ ಕೆಲವು ಫೋಟೊ ಬಂದವು, ಆಮೇಲೆ ಅರ್ಧ ಫೋಟೊ, ಕೆಳಗೆ ಬೂದು ಬಣ್ಣ. ಅಲ್ಲಿಂದ ಮುಂದೆ ಏನೂ ಇಲ್ಲ. "ಟಿವಿನ ಕೆಟ್ಟಿರಬೇಕು" ಅಂದಳಂತೆ ಚಿಗವ್ವ. ನನಗೆ ಫೋನ್ ಬಂತು: "ತಮ್ಮಾ, ಒಂದೀಟ ಬಂದು ನೋಡಿ ಹೋಗೊ." ಮನೆತನದಲ್ಲಿ ಕಂಪ್ಯೂಟರ್, ಮೊಬೈಲ್ ಏನು ಕೆಟ್ಟರೂ ನನ್ನನ್ನೇ ಕರೆಯುವುದು ರೂಢಿ. ಹುಬ್ಬಳ್ಳಿಯಿಂದ ಲ್ಯಾಪ್‌ಟಾಪ್ ತಗೊಂಡು ಹೋದೆ.

ಟಿವಿ ಕೆಟ್ಟಿರಲಿಲ್ಲ. ಪೆನ್ ಡ್ರೈವ್‌ನಲ್ಲಿ ಫೈಲ್‌ಗಳ ಹೆಸರು ಪೂರ್ತಿ ಇದ್ದವು. ತಾರೀಖು ಸರಿ ಇತ್ತು. ಗಾತ್ರವೂ ಸರಿ ಇತ್ತು. ಒಳಗೆ ಮಾತ್ರ ಏನೂ ಇಲ್ಲ. ಅಕ್ಷತೆಯ ವಿಡಿಯೊ ತೆರೆಯಲೇ ಇಲ್ಲ. ಚಿಗವ್ವನ ಫೋನಿನಲ್ಲಿ ನಮ್ಮ ಅಜ್ಜಿ ಸೋಬಾನ ಪದ ಹಾಡಿದ ವಿಡಿಯೊ ಇತ್ತು. ಅಜ್ಜಿ ಈಗಿಲ್ಲ. ಆ ಫೈಲಿಗೂ ಹೆಸರು ಇದೆ, ನಾನೂರು ಎಂಬಿ ಅಂತ ಗಾತ್ರ ಇದೆ, ತೆರೆದರೆ ಖಾಲಿ.

ಬದುಕಿದ್ದ ಫೈಲ್‌ಗಳನ್ನು ನನ್ನ ಲ್ಯಾಪ್‌ಟಾಪ್‌ಗೆ ತೆಗೆದುಕೊಂಡು ಆ ಡ್ರೈವನ್ನು ಪರೀಕ್ಷೆಗೆ ಹಾಕಿದೆ. ನೂರು ಜಿಬಿ ಬರೆದು ಓದಿ ನೋಡಿದಾಗ 31 ಜಿಬಿ ಸರಿ, ಉಳಿದ 69 ಜಿಬಿ "ಡೇಟಾ ಲಾಸ್ಟ್" ಅಂತ ಬಂತು. ಅಂದರೆ ಅದು ಸುಮಾರು 32 ಜಿಬಿಯ ಪೆನ್ ಡ್ರೈವ್. ಉತಾರದಲ್ಲಿ ಇಪ್ಪತ್ತು ಎಕರೆ ಅಂತ ಬರೆಸಿ, ಹೊಲಕ್ಕೆ ಹೋಗಿ ಅಳೆದರೆ ಹದಿಮೂರು ಗುಂಟೆ ಇದ್ದ ಹಾಗೆ. ಲೆಕ್ಕ ಹಾಕಿ ನೋಡಿ, ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ.

ಈ ಮೋಸ ನಡೆಯುವ ರೀತಿ ಹೀಗೆ. ಪೆನ್ ಡ್ರೈವ್‌ನಲ್ಲಿ ಎರಡು ಮುಖ್ಯ ಭಾಗ. ಒಂದು, ಮಾಹಿತಿ ಕೂರುವ ಮೆಮೊರಿ ಚಿಪ್. ಇನ್ನೊಂದು, ಅದನ್ನು ನಡೆಸುವ ಕಂಟ್ರೋಲರ್. ಕಂಪ್ಯೂಟರ್ ಚಿಪ್ಪನ್ನು ನೇರವಾಗಿ ಅಳೆಯುವುದಿಲ್ಲ, ಎಷ್ಟು ಜಾಗ ಇದೆ ಅಂತ ಕಂಟ್ರೋಲರನ್ನು ಕೇಳುತ್ತದೆ. ಖೋಟಾ ಮಾಲು ಮಾಡುವವರು ಆ ಕಂಟ್ರೋಲರ್‌ನ ಸಾಫ್ಟ್‌ವೇರ್ ತಿದ್ದಿ 2 ಟಿಬಿ ಅಂತ ಹೇಳಿಸುತ್ತಾರೆ. ಕಂಪ್ಯೂಟರ್ ನಂಬುತ್ತದೆ. ಅಸಲಿ ಜಾಗ ತುಂಬಿದ ಮೇಲೆ ಬಂದ ಮಾಹಿತಿಯನ್ನು ಕಂಟ್ರೋಲರ್ "ಆಯ್ತು, ಬರೆದೆ" ಅಂತ ಹೇಳಿ ಬಿಸಾಡುತ್ತದೆ. ಇನ್ನು ಕೆಲವು ಡ್ರೈವ್‌ಗಳು ಮೊದಲಿನಿಂದ ಮತ್ತೆ ಬರೆಯಲು ಶುರು ಮಾಡಿ ಹಳೆಯದನ್ನೂ ಅಳಿಸುತ್ತವೆ. ಕಾಕಾನದು ಬಿಸಾಡುವ ಜಾತಿ, ಅದಕ್ಕೇ ಹಳೆ ಫೋಟೊಗಳಾದರೂ ಉಳಿದವು. ಹೆಸರುಗಳು ಕಾಣುವುದು ಯಾಕೆ ಅಂದರೆ, ಫೈಲ್‌ಗಳ ಪಟ್ಟಿ ಸಾಮಾನ್ಯವಾಗಿ ಡ್ರೈವ್‌ನ ಶುರುವಿನ ಭಾಗದಲ್ಲಿ ಕೂರುತ್ತದೆ. ಆ ಭಾಗ ಅಸಲಿ. ಹೀಗಾಗಿ ಪಟ್ಟಿ ಉಳಿಯುತ್ತದೆ, ಸಾಮಾನು ಹೋಗುತ್ತದೆ.

ಈ ಮೋಸ ಇಷ್ಟು ದಿನ ನಡೆಯುತ್ತಿರುವುದಕ್ಕೆ ಕಾರಣವೂ ಇದೇ. ತಂದ ದಿನ ಎಲ್ಲ ಸರಿಯಾಗಿ ಕಾಣುತ್ತದೆ. ಹತ್ತು ಫೋಟೊ ಹಾಕಿ ನೋಡಿದರೂ ಸರಿ ಇರುತ್ತದೆ. ಜನ ಐದು ಸ್ಟಾರ್ ಕೊಡುತ್ತಾರೆ: "ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿದೆ." ಅಸಲಿ ಜಾಗ ತುಂಬುವ ಹೊತ್ತಿಗೆ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ. ಕಾಕಾ ತರಿಸಿದ್ದ ಆ ವೆಬ್‌ಸೈಟ್ ನಾನು ನೋಡುವ ಹೊತ್ತಿಗೆ ತೆರೆಯುತ್ತಲೇ ಇರಲಿಲ್ಲ. ದೊಡ್ಡ ಶಾಪಿಂಗ್ ಆ್ಯಪ್‌ಗಳಲ್ಲೂ ಮಾರುವವರು ಹೊರಗಿನವರೇ ಇರುತ್ತಾರೆ, ಹಾಗಾಗಿ ಅಲ್ಲೂ ಮಾರಾಟಗಾರನ ಹೆಸರು ನೋಡದೆ ತಗೋಬಾರದು.

ಬೆಲೆ ನೋಡಿದರೇ ಅರ್ಧ ಗೊತ್ತಾಗುತ್ತದೆ. ಒಳ್ಳೆ ಕಂಪನಿಯ 2 ಟಿಬಿ ಹಾರ್ಡ್ ಡಿಸ್ಕ್‌ಗೆ ಹಲವು ಸಾವಿರ ಬೀಳುತ್ತದೆ. ಅದೇ ಜಾಗವನ್ನು ಹೆಬ್ಬೆರಳಿನಷ್ಟು ಪೆನ್ ಡ್ರೈವ್‌ನಲ್ಲಿ ಎಂಟುನೂರಕ್ಕೆ ಯಾರು ಕೊಡುತ್ತಾರೆ? ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಬಳಸುವ, ಚಿಪ್ಪಿನ ವೇಗದ ಡಿಸ್ಕ್) ಹೆಸರಿನಲ್ಲೂ ಇಂಥವು ಬರುತ್ತವೆ. ಒಡೆದು ನೋಡಿದರೆ ಒಳಗೆ ಒಂದೆರಡು ಸಣ್ಣ ಮೆಮೊರಿ ಕಾರ್ಡ್, ತೂಕ ಬರಲಿ ಅಂತ ಅಂಟಿಸಿದ ಲೋಹದ ತುಂಡು.

ಇಲ್ಲಿ ಒಂದು ತಮಾಷೆ ಇದೆ. ಅಸಲಿ 64 ಜಿಬಿ ಪೆನ್ ಡ್ರೈವ್ ವಿಂಡೋಸ್‌ನಲ್ಲಿ 59 ಜಿಬಿ ಚಿಲ್ಲರೆ ಅಂತ ಕಾಣುತ್ತದೆ. ಅಸಲಿ 2 ಟಿಬಿ ಕಾಣುವುದು 1.81 ಟಿಬಿ. ಕಂಪನಿಗಳು ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತ ಎಣಿಸುತ್ತವೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ ವ್ಯತ್ಯಾಸ. ಐದು ಜಿಬಿ ಕಡಿಮೆ ಇದೆ ಅಂತ ಅಂಗಡಿಯವನ ಜೊತೆ ಜಗಳ ತೆಗೆಯುವವರನ್ನು ನಾನು ನೋಡಿದ್ದೇನೆ. ಪಾಪ, ಅವನು ಕೊಟ್ಟದ್ದು ಸರಿಯಾದ ಮಾಲು. ಕಾಕಾನ ಡ್ರೈವ್ ಇರಬೇಕಾದ್ದಕ್ಕಿಂತ ಜಾಸ್ತಿಯೇ ತೋರಿಸಿತ್ತು.

ಕಳೆದದ್ದು ಸಿಗುತ್ತದಾ ಅಂತ ಹುಬ್ಬಳ್ಳಿಯ ಒಂದು ರಿಕವರಿ ಅಂಗಡಿಗೆ ಹೋದೆವು. "ಗ್ಯಾರಂಟಿ ತಗದ್ ಕೊಡ್ತೀವಿ, ಅಡ್ವಾನ್ಸ್ ಕಟ್ರಿ" ಅಂದರು. ಡ್ರೈವ್ ಎಷ್ಟು ಜಿಬಿಯದು ಅಂತ ಕೂಡ ನೋಡಿರಲಿಲ್ಲ. ನಾನು ಕಾಕಾನನ್ನು ಎಬ್ಬಿಸಿಕೊಂಡು ಬಂದೆ. ಈ ಮಾತು ಚೆನ್ನಾಗಿ ನೆನಪಿಡಿ: ಅಳಿಸಿಹೋದ ಫೈಲನ್ನು ರಿಕವರಿ ಸಾಫ್ಟ್‌ವೇರ್ ಎಷ್ಟೋ ಸಲ ಎತ್ತಬಲ್ಲದು. ಫೋಟೋರೆಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಆ ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಇಲ್ಲಿ ಫೈಲ್ ಅಳಿಸಿಹೋಗಿಲ್ಲ, ಬರೆದೇ ಇಲ್ಲ. ಬರೆಯದೇ ಇದ್ದದ್ದನ್ನು ಯಾವ ಅಂಗಡಿಯವನೂ ತೆಗೆದುಕೊಡಲಾರ. ಖೋಟಾ ಡ್ರೈವ್‌ನ ಮೇಲೆ ಇನ್ನೂ ಐದಾರು ಸಾವಿರ ಸುರಿಯಬೇಡಿ.

ಫೋನ್ ಕಡೆಯಿಂದಲೂ ದಾರಿ ಇರಲಿಲ್ಲ. ಬ್ಯಾಕಪ್ ಆದ ಫೋಟೊ ಅಳಿಸಿದರೆ ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ. ಆ ಅವಧಿ ದಾಟಿತ್ತು. ಈಗಿನ ಆಂಡ್ರಾಯ್ಡ್ ಫೋನ್‌ಗಳ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಸಂಕೇತದಲ್ಲಿರುತ್ತದೆ. ಅಳಿಸಿ ತಿಂಗಳುಗಟ್ಟಲೆ ಬಳಸಿದ ಫೋನಿನಿಂದ ಹಳೆಯದನ್ನು ಎತ್ತುವುದು ಹೆಚ್ಚುಕಡಿಮೆ ಆಗದ ಮಾತು. ಕೊನೆಗೆ ಸಿಕ್ಕದ್ದು ಇಷ್ಟು: ಆಲ್ಬಮ್‌ಗೆ ಆರಿಸಿದ್ದ ಫೋಟೊಗಳು ಫೋಟೊಗ್ರಾಫರ್ ಹತ್ತಿರ ಇನ್ನೂ ಇದ್ದವು, ಬೀಗರ ವಾಟ್ಸಾಪ್ ಗ್ರೂಪ್‌ನಲ್ಲಿ ಮಸುಕು ಮಸುಕಾದ ಕೆಲವು ವಿಡಿಯೊ ಇದ್ದವು. ಅಜ್ಜಿಯ ಪದ ಯಾರ ಹತ್ತಿರವೂ ಸಿಗಲಿಲ್ಲ.

ಈಗ ನೀವು ಮಾಡಬೇಕಾದದ್ದು. ಹೊಸ ಪೆನ್ ಡ್ರೈವ್, ಮೆಮೊರಿ ಕಾರ್ಡ್ ಏನೇ ತಂದರೂ, ಅದು ದೊಡ್ಡ ಅಂಗಡಿಯದಾದರೂ, ಖಾಲಿ ಇರುವಾಗಲೇ ಪರೀಕ್ಷೆ ಮಾಡಿ. ವಿಂಡೋಸ್ ಕಂಪ್ಯೂಟರ್ ಇದ್ದವರಿಗೆ ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಹಳೆಯ, ಪುಕ್ಕಟೆ, ಸಣ್ಣ ಸಾಫ್ಟ್‌ವೇರ್ ಇದೆ. ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯವರು ಮಾಡಿದ್ದು, ತೆರೆದಾಗ ಜರ್ಮನ್ ಭಾಷೆ ಬಂದರೆ ಗಾಬರಿ ಬೇಡ, ಮೇಲೆ ಇಂಗ್ಲಿಷ್ ಅನ್ನುವುದನ್ನು ಒತ್ತಿ. ಅದು ಡ್ರೈವ್ ತುಂಬಾ ಪರೀಕ್ಷೆಯ ಫೈಲ್‌ಗಳನ್ನು ಬರೆದು, ಆಮೇಲೆ ಒಂದೊಂದಾಗಿ ಓದಿ, ಬರೆದದ್ದೇ ವಾಪಸ್ ಬಂತಾ ಅಂತ ನೋಡುತ್ತದೆ. ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಲಿನಕ್ಸ್, ಮ್ಯಾಕ್ ಇದ್ದವರಿಗೆ ಇದೇ ಕೆಲಸಕ್ಕೆ ಎಫ್3 ಇದೆ.

ತೊಂದರೆ ಅಂದರೆ ಸಮಯ. ಸೆಕೆಂಡಿಗೆ 10 ಎಂಬಿ ವೇಗದಲ್ಲಿ ಬರೆಯುವ ಡ್ರೈವ್‌ನಲ್ಲಿ 2 ಟಿಬಿ ತುಂಬಲು ಎರಡು ದಿನಕ್ಕಿಂತ ಜಾಸ್ತಿ ಬೇಕು. ಪೂರ್ತಿ ಪರೀಕ್ಷೆ ಮಾಡುವ ತಾಳ್ಮೆ ಯಾರಿಗಿದೆ ಹೇಳಿ? ಅದಕ್ಕೇ ಎಚ್2ಟೆಸ್ಟ್‌ಡಬ್ಲ್ಯೂನಲ್ಲಿ ಎಷ್ಟು ಎಂಬಿ ಬರೆಯಬೇಕು ಅಂತ ನಾವೇ ಹಾಕಬಹುದು. ನಾನು ನೂರು ಜಿಬಿ ಹಾಕಿದ್ದು ಹಾಗೆ. ಕೆಂಪು ಬಂದರೆ ಅಲ್ಲಿಗೇ ಮುಗಿಯಿತು, ಹಸಿರು ಬಂದರೆ ಆ ನೂರು ಜಿಬಿಗೆ ಮಾತ್ರ ಭರವಸೆ. ಇನ್ನೂ ಬೇಗ ಬೇಕಾದರೆ ವ್ಯಾಲಿಡ್ರೈವ್ ಅಂತ ಇದೆ. ಅದು ಡ್ರೈವ್‌ನ ಉದ್ದಕ್ಕೂ ನೂರಾರು ಕಡೆ ಅಲ್ಲಲ್ಲಿ ಮುಟ್ಟಿ ನೋಡುತ್ತದೆ, ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ಯಾವುದೇ ಸಾಫ್ಟ್‌ವೇರ್ ಆಗಲಿ, ಅದರ ಮೂಲ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಡೌನ್‌ಲೋಡ್ ಅಂತ ಹುಡುಕಿದರೆ ಮೇಲೆ ಬರುವ ಜಾಹೀರಾತನ್ನು ಒತ್ತಿದರೆ ಅದು ಇನ್ನೊಂದು ಬರಹದ ಕಥೆಯಾಗುತ್ತದೆ.

ಫೋಟೊ ಸಾಗಿಸುವಾಗ ಕಟ್ ಮಾಡಬೇಡಿ, ಕಾಪಿ ಮಾಡಿ. ಮುಗಿದ ಮೇಲೆ ಡ್ರೈವನ್ನು ಇಜೆಕ್ಟ್ ಮಾಡಿ ಹೊರಗೆ ತೆಗೆದು, ಮತ್ತೆ ಹಾಕಿ. ಇದು ಸುಮ್ನೆ ಹೇಳುವ ಮಾತಲ್ಲ. ಈಗಷ್ಟೇ ಕಾಪಿ ಮಾಡಿದ ಫೈಲನ್ನು ತೆರೆದರೆ ಕಂಪ್ಯೂಟರ್ ತನ್ನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿರುವ ಪ್ರತಿಯನ್ನೇ ತೋರಿಸಿಬಿಡಬಹುದು, ನೀವು ಡ್ರೈವ್‌ನಿಂದ ಬಂತು ಅಂದುಕೊಳ್ಳುತ್ತೀರಿ. ಮತ್ತೆ ಹಾಕಿದ ಮೇಲೆ ಶುರುವಿನ ಫೈಲ್‌ಗಿಂತ ಕೊನೆಗೆ ಕಾಪಿ ಆದ ಫೈಲ್‌ಗಳನ್ನು ತೆರೆದು ನೋಡಿ. ವಿಡಿಯೊ ಆದರೆ ನಡುವಿಗೂ ತುದಿಗೂ ಓಡಿಸಿ ನೋಡಿ. ಅಲ್ಲಿಯವರೆಗೂ ಫೋನಿನಲ್ಲಿರುವುದನ್ನು ಅಳಿಸಬೇಡಿ. ಅಳಿಸುವ ಮೊದಲು ಎರಡನೆಯ ಪ್ರತಿ ಬೇರೆ ಕಡೆ ಇರಲಿ. ಈಗ ಕಾಕಾನ ಮನೆಯ ಫೋಟೊಗಳು ಒಂದು ಹಾರ್ಡ್ ಡಿಸ್ಕ್‌ನಲ್ಲಿ ಬೆಟಗೇರಿಯಲ್ಲಿವೆ, ಇನ್ನೊಂದರಲ್ಲಿ ಹುಬ್ಬಳ್ಳಿಯ ನಮ್ಮ ಮನೆಯಲ್ಲಿವೆ. ಖರ್ಚು ಬಂತು, ಕಾಕಾ ಗೊಣಗಲಿಲ್ಲ.

ಮನೆಗೆ ಸಿಸಿ ಕ್ಯಾಮೆರಾ ಹಾಕಿಸಿದವರು ಅದರೊಳಗಿನ ಮೆಮೊರಿ ಕಾರ್ಡನ್ನೂ ಒಮ್ಮೆ ತೆಗೆದು ಪರೀಕ್ಷೆ ಮಾಡಿ. ಅದನ್ನು ದಿನಾ ಯಾರೂ ನೋಡುವುದಿಲ್ಲ. ಕಾರ್ಡ್ ಖೋಟಾ ಆಗಿದ್ದರೆ ಕಳ್ಳತನ ಆದ ದಿನ ಅದರಲ್ಲಿ ಏನೂ ಇರುವುದಿಲ್ಲ.

ಆಗಲೇ ಇಂಥ ಡ್ರೈವ್ ಕೈಗೆ ಬಂದಿದ್ದರೆ ಅದಕ್ಕೆ ಹೊಸದಾಗಿ ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ. ತೆರೆಯುವ ಫೈಲ್‌ಗಳನ್ನು ಮೊದಲು ಹೊರಗೆ ತೆಗೆದುಕೊಳ್ಳಿ. ಪರೀಕ್ಷೆ ಆಮೇಲೆ. ಜಾಹೀರಾತಿನ ಸ್ಕ್ರೀನ್‌ಶಾಟ್, ಡಬ್ಬಿ, ಕೊರಿಯರ್ ಚೀಟಿ, ಹಣ ಕಟ್ಟಿದ ದಾಖಲೆ, ಪರೀಕ್ಷೆಯ ಫಲಿತಾಂಶದ ಫೋಟೊ, ಇವೆಲ್ಲ ಒಂದೆಡೆ ಇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಮಾರಿದವನ ವಿಳಾಸ ಸಿಕ್ಕರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಮೋಸವಾದ ಎರಡು ವರ್ಷದೊಳಗೆ ದೂರು ಕೊಡಬೇಕು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ. ಕಾಕಾನ ವಿಷಯದಲ್ಲಿ ಕೊರಿಯರ್ ಚೀಟಿಯ ಮೇಲೆ ಮಾರಿದವನ ಪೂರ್ತಿ ವಿಳಾಸವೇ ಇರಲಿಲ್ಲ. 1915ಕ್ಕೆ ದೂರು ಬರೆಸಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.