ಚಳಿಗಾಲಕ್ಕೆ ಮೂರು ನಾಬಿನ ಎಸಿ ಸಾಕೇ? ಡಿಫಾಗರ್, ಆಟೋ ಕ್ಲೈಮೇಟ್, ಆ್ಯಂಟಿ-ಫಾಗ್ ಸ್ಪ್ರೇ: ಒಂದು ವಿಮರ್ಶೆ

ಡಿಸೆಂಬರ್, ಜನವರಿಯ ನಸುಕಿನಲ್ಲಿ ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ನಾಲ್ಕು ಜನ ಕಾರಲ್ಲಿ ಕೂತು ಹೊರಟರೆ ಮುಂದಿನ ಗಾಜು ಮಸುಕಾಗಲು ಹೆಚ್ಚು ಹೊತ್ತು ಬೇಡ. ‘ಈ ಚಳೀಲಿ ಎಸಿ ಯಾಕೆ’ ಎಂದು ಆಫ್ ಮಾಡಿ, ಕರ್ಚೀಫಿನಿಂದ ಗಾಜು ಒರೆಸುತ್ತಾ ಓಡಿಸುವವರೇ ಜಾಸ್ತಿ. ಇದೇ ಕಾರಣಕ್ಕೆ ಕೆಲವರು ಆಟೋ ಕ್ಲೈಮೇಟ್ (ತಾಪಮಾನ, ಗಾಳಿಯನ್ನು ತಾನೇ ಹೊಂದಿಸುವ ಎಸಿ) ಇರುವ ಮೇಲಿನ ವೇರಿಯಂಟ್ ಕೊಳ್ಳುತ್ತಾರೆ, ಕೆಲವರು ಆ್ಯಕ್ಸೆಸರೀಸ್ ಅಂಗಡಿಯಿಂದ ಗಾಜಿಗೆ ಹಚ್ಚುವ ಆ್ಯಂಟಿ-ಫಾಗ್ ಸ್ಪ್ರೇ ತರುತ್ತಾರೆ. ಎರಡಕ್ಕೂ ಮೊದಲು ಮಾಮೂಲಿ ಮೂರು ನಾಬಿನ ಮ್ಯಾನುಯಲ್ ಎಸಿ ಏನು ಮಾಡಬಲ್ಲದು ಎಂದು ನೋಡಬೇಕು. ಗಾಜು ತಿಳಿಗೊಳಿಸುವ ಕೆಲಸಕ್ಕೆ ನಾವು ಅದಕ್ಕೆ ಹತ್ತಕ್ಕೆ ಎಂಟು ಕೊಡುತ್ತೇವೆ.

ಸುಮ್ಮನೆ ಕೂತ ಮನುಷ್ಯನ ಉಸಿರು, ಚರ್ಮದಿಂದ ಗಂಟೆಗೆ ಸುಮಾರು 40–50 ಗ್ರಾಂ ನೀರು ಆವಿಯಾಗಿ ಹೊರಬರುತ್ತದೆ. ಒದ್ದೆ ಜಾಕೆಟ್, ಕೆಸರು ಮೆತ್ತಿದ ಮ್ಯಾಟ್ ಇದ್ದರೆ ಇನ್ನಷ್ಟು. ಕಾರಿನೊಳಗೆ 20 ಡಿಗ್ರಿ ಶಾಖ, 80 ಶೇಕಡಾ ತೇವಾಂಶ ಇದೆ ಅಂದುಕೊಳ್ಳಿ. ಆಗ ಗಾಜು 16 ಡಿಗ್ರಿಗಿಂತ ತಣ್ಣಗಿದ್ದರೆ ಸಾಕು, ಆವಿ ಕೂರುತ್ತದೆ. ಅದನ್ನು ತಡೆಯಲು ಒಳಗಿನ ಗಾಳಿ ಒಣಗಬೇಕು ಅಥವಾ ಗಾಜು ಬೆಚ್ಚಗಾಗಬೇಕು. ಒಣಗಿಸುವುದು ಎಸಿ, ಬೆಚ್ಚಗಾಗಿಸುವುದು ಹೀಟರ್. ಡ್ಯಾಶ್‌ಬೋರ್ಡಿನ ಒಳಗೆ ಗಾಳಿ ಮೊದಲು ಎಸಿಯ ತಣ್ಣನೆಯ ಕಾಯಿಲ್ ದಾಟಿ ನೀರು ಬಿಟ್ಟು, ಆಮೇಲೆ ಎಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಕೋರ್ ದಾಟಿ ಬಿಸಿಯಾಗುತ್ತದೆ. ಹಾಗಾಗಿ ಎಸಿ ಆನ್ ಮಾಡಿ ನಾಬನ್ನು ಕೆಂಪು ಕಡೆ ತಿರುಗಿಸಿದರೆ ಒಂದಕ್ಕೊಂದು ಜಗಳವಾಡುವುದಿಲ್ಲ. ಚಳಿಗಾಲದಲ್ಲಿ ಬೇಕಾದದ್ದೇ ಅದು.

ಸೆಟ್ಟಿಂಗ್ ಹೀಗಿರಲಿ: ಗಾಳಿಯ ದಿಕ್ಕಿನ ನಾಬು ಮುಂಗಾಜಿನ ಚಿತ್ರಕ್ಕೆ, ಬ್ಲೋವರ್ 3 ಅಥವಾ 4ಕ್ಕೆ, ಎಸಿ ಬಟನ್ ಆನ್, ತಾಪಮಾನ ಕೆಂಪು ಕಡೆ ಮುಕ್ಕಾಲು ಭಾಗ. ಎಲ್ಲಕ್ಕಿಂತ ಮುಖ್ಯವಾಗಿ ರೀಸರ್ಕ್ಯುಲೇಶನ್ ಆಫ್, ಅಂದರೆ ಹೊರಗಿನ ಗಾಳಿ ಒಳಗೆ ಬರುವ ಹಾಗೆ. ಕಾರಿನೊಳಗೆ ಬಾಣ ತಿರುಗುವ ಚಿತ್ರದ ಆ ಬಟನ್ ಬೇಸಿಗೆಯಲ್ಲಿ ಒತ್ತಿದ್ದು ಹಾಗೇ ಉಳಿದಿರುತ್ತದೆ. ಗಾಜು ಮಂಜಾಗುವ ದೂರುಗಳಿಗೆ ಬಹುಪಾಲು ಕಾರಣ ಇದೇ. ಎಂಜಿನ್ ನೀರು ಬಿಸಿಯಾಗಲು ಐದು–ಹತ್ತು ನಿಮಿಷ ಬೇಕು, ಅಲ್ಲಿಯವರೆಗೆ ಹೀಟರ್ ಹೆಸರಿಗಷ್ಟೇ. ಎಸಿ ಮಾತ್ರ ಸ್ಟಾರ್ಟ್ ಆದ ಕ್ಷಣದಿಂದಲೇ ಒಣಗಿಸತೊಡಗುತ್ತದೆ.

ಗಾಜು ತಿಳಿಯಾದ ಕೂಡಲೇ ಎಸಿ ಆಫ್ ಮಾಡಬೇಡಿ. ಕಾಯಿಲ್ ಮೇಲೆ ಕೂತ ನೀರು ಮತ್ತೆ ಗಾಳಿ ಸೇರಿ ನೇರ ಗಾಜಿಗೇ ಬಡಿಯುತ್ತದೆ, ಕ್ಷಣಾರ್ಧದಲ್ಲಿ ಮುಂದಿನ ರಸ್ತೆ ಮಾಯ. ಚಾರ್ಮಾಡಿಯ ತಿರುವಿನಲ್ಲಿ ಹೀಗಾದರೆ ಆಟವಲ್ಲ. ಬ್ಲೋವರ್ ಇಳಿಸಿ, ಎಸಿ ಇರಲಿ.

ಮ್ಯಾನುಯಲ್‌ನಲ್ಲಿ ಕಳೆದ ಎರಡು ಅಂಕ ನೆನಪಿಡುವ ತಾಪತ್ರಯಕ್ಕೆ. ಕೆಲವು ಕಾರುಗಳಲ್ಲಿ ನಾಬು ಮುಂಗಾಜಿಗೆ ತಿರುಗಿಸಿದರೆ ಎಸಿ, ಹೊರಗಾಳಿ ತಾವಾಗೇ ಬರುತ್ತವೆ, ಕೆಲವದರಲ್ಲಿ ಇಲ್ಲ. ಆಟೋ ಕ್ಲೈಮೇಟ್‌ನಲ್ಲಿ ಮುಂಗಾಜಿನ ಡಿಫಾಗ್ ಬಟನ್ ಒಂದನ್ನೇ ಒತ್ತಿದರೆ ಸಾಮಾನ್ಯವಾಗಿ ಎಲ್ಲವೂ ಒಟ್ಟಿಗೆ ನಡೆಯುತ್ತದೆ. ಅನುಕೂಲ ನಿಜ, ಆದರೆ ಒಳಗಿರುವ ಕಾಯಿಲ್, ಹೀಟರ್ ಅವೇ. ಬರೀ ಗಾಜಿನ ಮಂಜಿಗಾಗಿ ಮೇಲಿನ ವೇರಿಯಂಟಿಗೆ ಹೋಗುವುದು ದಂಡ. ಹಿಂಗಾಜಿನ ಡಿಫಾಗರಿಗೆ ಮಾತ್ರ ಧಾರಾಳವಾಗಿ ದುಡ್ಡು ಕೊಡಿ. ಬೇಸ್ ವೇರಿಯಂಟುಗಳಲ್ಲಿ ಬಹಳಷ್ಟು ಸಲ ಅದು ಇರುವುದಿಲ್ಲ, ಎಸಿ ಗಾಳಿ ಅಲ್ಲಿಗೆ ತಲುಪುವುದೂ ಕಷ್ಟ. ಗಾಜನ್ನು ಬಿಸಿ ಮಾಡುವ ಅದರ ತಂತಿಗೆರೆಗಳು ಗಾಜಿಗೆ ಅಂಟಿದ ತೆಳು ಲೇಪ ಅಷ್ಟೇ. ಸ್ಟಿಕರ್ ಅಂಟಿಸಿ ಬ್ಲೇಡಿನಿಂದ ಕೆರೆದರೆ ಗೆರೆ ತುಂಡಾಗಿ, ಆ ಸಾಲಿನಲ್ಲಿ ಮಂಜು ಹಾಗೇ ನಿಲ್ಲುತ್ತದೆ. ಒರೆಸುವಾಗ ಗೆರೆಯ ಉದ್ದಕ್ಕೇ ಬಟ್ಟೆ ಎಳೆಯಿರಿ.

ಇನ್ನು ಆ್ಯಂಟಿ-ಫಾಗ್ ಸ್ಪ್ರೇ: ಹತ್ತಕ್ಕೆ ನಾಲ್ಕು. ಅದು ಆವಿಯನ್ನು ತಡೆಯುವುದಿಲ್ಲ, ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡುವ ಹಾಗೆ ಮಾಡುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರೂ ಹೆಚ್ಚೂಕಡಿಮೆ ಇದನ್ನೇ ಮಾಡುತ್ತದೆ. ಸರಿಯಾಗಿ ಒರೆಸದಿದ್ದರೆ ರಾತ್ರಿ ಎದುರಿನ ಲಾರಿಯ ಬೆಳಕು ಗಾಜಿನ ತುಂಬ ಚೆಲ್ಲಾಡುತ್ತದೆ. ಸೈಡ್ ಗಾಜಿಗೆ ಪರವಾಗಿಲ್ಲ, ಮುಂಗಾಜಿಗೆ ಬೇಡ. ಅದರ ಬದಲು ಗಾಜಿನ ಒಳಬದಿಗೆ ಅಂಟಿದ ಜಿಡ್ಡಿನ ಪೊರೆಯನ್ನು ಗ್ಲಾಸ್ ಕ್ಲೀನರ್, ಮೈಕ್ರೋಫೈಬರ್ ಬಟ್ಟೆಯಿಂದ ತೆಗೆದರೆ ಮಂಜು ಕೂರುವುದೇ ಕಡಿಮೆಯಾಗುತ್ತದೆ.

ಮಂಗಳೂರು, ಉಡುಪಿಯವರ ಸಮಸ್ಯೆ ತಿರುಗುಮುರುಗು. ಅಲ್ಲಿ ಹೊರಗಿನ ಗಾಳಿ ಸೆಕೆ, ತೇವ. ಎಸಿಯ ತಂಪುಗಾಳಿ ಗಾಜಿಗೆ ತಾಗಿದರೆ ಹೊರಬದಿಯಲ್ಲಿ ಇಬ್ಬನಿ ಕಟ್ಟುತ್ತದೆ. ಗಾಜಿನ ಒಳಗೆ ಬೆರಳಾಡಿಸಿ. ಗೆರೆ ಮೂಡದಿದ್ದರೆ ಮಂಜು ಹೊರಗಿದೆ. ಆಗ ಮುಂಗಾಜಿನ ಡಿಫಾಗ್ ಒತ್ತಿ ತಂಪು ಹೆಚ್ಚಿಸಿದಷ್ಟೂ ಕೆಡುತ್ತದೆ. ವೈಪರ್ ಒಮ್ಮೆ ಹಾಕಿ, ಗಾಳಿಯನ್ನು ಮುಖದ ಕಡೆ ತಿರುಗಿಸಿ, ತಾಪಮಾನ ಎರಡು ಗೆರೆ ಏರಿಸಿ.

ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಗಾಜು ತಿಳಿಯಾಗದಿದ್ದರೆ ಮೊದಲು ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ನೋಡಿ. ಧೂಳು, ಒಣಗಿದ ಎಲೆ ತುಂಬಿದ್ದರೆ ಬ್ಲೋವರ್ ಎಷ್ಟು ಕೂಗಿದರೂ ಗಾಳಿ ಬರುವುದಿಲ್ಲ. ಮುಂದಿನ ಎಡ ಸೀಟಿನ ಕಾಲ ಬಳಿ ಮ್ಯಾಟ್ ಒದ್ದೆಯಾಗಿದ್ದರೆ ಎಸಿಯ ಡ್ರೇನ್ ಪೈಪು ಕಟ್ಟಿರುವ ಸಾಧ್ಯತೆ ಹೆಚ್ಚು. ಗಾಜಿನ ಮೇಲೆ ಜಿಡ್ಡಿನ ಆವಿ, ಸಿಹಿ ವಾಸನೆ, ಜೊತೆಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಇಳಿಯುತ್ತಿದ್ದರೆ ಹೀಟರ್ ಕೋರ್ ಸೋರುತ್ತಿದೆ, ಅದನ್ನು ಮುಂದೂಡಬೇಡಿ. ಅರ್ಧ ಗಂಟೆ ಓಡಿಸಿದರೂ ಹೀಟರ್ ಉಗುರು ಬೆಚ್ಚಗಷ್ಟೇ ಇದ್ದರೆ, ಎಂಜಿನ್ ನೀರಿನ ಶಾಖ ಕಾಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದೇ ಸಿಕ್ಕಿಕೊಂಡಿದೆಯೇ ಎಂದು ಗ್ಯಾರೇಜಿನಲ್ಲಿ ಕೇಳಿ. ಗ್ಯಾಸ್ ಕಡಿಮೆಯಾದ ಎಸಿ ಚಳಿಗಾಲದಲ್ಲಿ ಸುಳಿವು ಕೊಡುವುದಿಲ್ಲ, ತಂಪು ಬೇಕಿಲ್ಲವಲ್ಲ. ಒಣಗಿಸುವುದು ನಿಂತಾಗಲೇ ಗೊತ್ತಾಗುವುದು. ವಾರಕ್ಕೊಮ್ಮೆ ಹತ್ತು ನಿಮಿಷವಾದರೂ ಎಸಿ ಓಡಿಸಿ, ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಾಗುತ್ತಿರಲಿ.

ಊಟಿಯ ಜನವರಿ ಬೆಳಗಿನಲ್ಲಿ ಗಾಜಿನ ಮೇಲೆ ಹಿಮದ ಪುಡಿ ಕಟ್ಟಿದಾಗ ಎಸಿಯ ಆಟ ನಡೆಯುವುದಿಲ್ಲ. ಹೊರಗೆ ಸೊನ್ನೆಯ ಹತ್ತಿರವಿದ್ದರೆ ಬಹಳಷ್ಟು ಕಾರುಗಳಲ್ಲಿ ಕಂಪ್ರೆಸರ್ ತಾನಾಗೇ ಸುಮ್ಮನಾಗುತ್ತದೆ, ಕೆಲಸ ಹೀಟರಿನದ್ದು. ಕುದಿನೀರು ಸುರಿದರೆ ಗಾಜು ಬಿರುಕು ಬಿಡಬಹುದು. ಅಂಟಿಕೊಂಡ ವೈಪರ್ ಚಾಲೂ ಮಾಡಿದರೆ ರಬ್ಬರ್ ಹರಿಯುತ್ತದೆ, ಮೋಟರಿಗೂ ಪೆಟ್ಟು. ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ. ಅಮೆರಿಕದ ಮಿಷಿಗನ್, ಮಿನೆಸೋಟದಲ್ಲಿರುವ ನಮ್ಮವರ ಕಾರಿನಲ್ಲಿ ಸ್ಕ್ರೇಪರ್, ಹೆಪ್ಪುಗಟ್ಟದ ವಾಷರ್ ದ್ರವ ಇದ್ದೇ ಇರುತ್ತವೆ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು: ಅಲ್ಲಿ ಪುಕ್ಕಟೆ ಎಂಜಿನ್ ಶಾಖವಿಲ್ಲ, ಹೀಟರ್ ಬ್ಯಾಟರಿಯನ್ನೇ ತಿನ್ನುತ್ತದೆ. ಗಾಜಿಗೆ ಎಸಿಯ ಒಣಗಾಳಿಯಲ್ಲೇ ಕೆಲಸವಾಗುವಾಗ ಹೀಟರ್ ಪೂರ್ತಿ ಏರಿಸಬೇಡಿ. ಚಾರ್ಜರಿಗೆ ಸಿಕ್ಕಿಸಿರುವಾಗಲೇ ಆ್ಯಪಿನಿಂದ ಕ್ಯಾಬಿನ್ ಬೆಚ್ಚಗೆ ಮಾಡಿಕೊಳ್ಳುವ ಸೌಲಭ್ಯವಿದ್ದರೆ ಹೊರಡುವ ಹದಿನೈದು ನಿಮಿಷ ಮೊದಲೇ ಬಳಸಿ.