ಲುವಾರ್ ವೈನ್ ತರಿಸಲು ಹೊರಟಿದ್ದೀರಾ? ನಾನು ಮಾಡಿದ್ದನ್ನು ಮಾಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರೂ ಮೋಸ ಮಾಡಲಿಲ್ಲ. ಹೊಟ್ಟೆ ಉರಿಯುವುದೂ ಅದಕ್ಕೇ. ಮೋಸ ಆಗಿದ್ದರೆ ಯಾರ ಮೇಲಾದರೂ ಕೂಗಾಡಬಹುದಿತ್ತು. ಇಲ್ಲಿ ಆರ್ಡರ್ ಶೀಟ್ ಬರೆದವನು ನಾನೇ, ಕೆಳಗಿರುವ ಸಹಿಯೂ ನನ್ನದೇ.

ನಾನು ಬೆಂಗಳೂರಿನ ಒಂದು ಸಣ್ಣ ಆಮದು ಕಂಪನಿಗೆ ವೈನ್ ಆರಿಸುವ ಕೆಲಸ ಮಾಡುತ್ತೇನೆ. 2023ರ ಫೆಬ್ರವರಿಯಲ್ಲಿ ಫ್ರಾನ್ಸ್‌ನ ಏಜೆಂಟ್ ಒಬ್ಬರು ನಮ್ಮಂಥ ಹತ್ತು ಹನ್ನೆರಡು ಬಯರ್‌ಗಳನ್ನು ಕರೆಸಿಕೊಂಡಿದ್ದರು. ಮೂರು ದಿನ, ಊಟ ವಸತಿ ಅವರದೇ, ಲುವಾರ್ ನದಿಯ ದಂಡೆಯ ವೈನ್‌ಗಳ ಪರಿಚಯ. ಅಲ್ಲಿಯವರೆಗೆ ನಮ್ಮ ಲಿಸ್ಟಿನಲ್ಲಿ ಇದ್ದದ್ದು ಫ್ರಾನ್ಸ್‌ನದೇ ಬೋರ್ಡೋ ಪ್ರದೇಶದ ವೈನ್ ಮಾತ್ರ. ಹೊಸದೇನಾದರೂ ತರೋಣ ಅಂತ ಬಾಸ್ ಹೇಳುತ್ತಲೇ ಇದ್ದರು, ಕುಣಿದುಕೊಂಡು ಹೋದೆ.

ಲುವಾರ್ ಫ್ರಾನ್ಸ್‌ನ ಅತಿ ಉದ್ದದ ನದಿ, ಸಾವಿರ ಕಿಲೋಮೀಟರ್ ದಾಟುತ್ತದೆ. ವೈನ್ ಊರುಗಳು ಪಶ್ಚಿಮದಲ್ಲಿ ಸಮುದ್ರದ ಹತ್ತಿರದ ನಾಂತ್‌ನಿಂದ ಪೂರ್ವದ ಸಾನ್ಸೆರ್‌ವರೆಗೆ ಹರಡಿವೆ, ರಸ್ತೆಯಲ್ಲಿ ಸುಮಾರು 400 ಕಿ.ಮೀ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದ ಹಾಗೆ ಅಂದುಕೊಳ್ಳಿ. ಮುದ್ದೆಯಲ್ಲಿ ಶುರುವಾಗಿ ಜೋಳದ ರೊಟ್ಟಿಯಲ್ಲಿ ಮುಗಿಯುತ್ತದೆ ಅಲ್ವಾ, ಇದೂ ಹಾಗೇ. ನಾಂತ್ ಸುತ್ತ ಮುಸ್ಕಾದೆ. ಹೆಸರು ಕೇಳಿ ಮಸ್ಕಟ್ ದ್ರಾಕ್ಷಿ ಅಂದುಕೊಳ್ಳಬೇಡಿ, ಅದು ಮೆಲೋನ್ ದ ಬೂರ್ಗೋನ್ ಅನ್ನುವ ಬೇರೆಯೇ ತಳಿ. ತಳದಲ್ಲಿ ಕೂತ ಯೀಸ್ಟ್ ಗಸಿಯ ಮೇಲೆಯೇ ಚಳಿಗಾಲ ಕಳೆಯುವ ಮುಸ್ಕಾದೆ ಇದೆಯಲ್ಲ, ಸಮುದ್ರದ ಮೀನಿಗೆ ಅದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ. ಒಂದಿಷ್ಟು ಪೂರ್ವಕ್ಕೆ ಬಂದರೆ ಆಂಜೂ, ಸೋಮ್ಯೂರ್. ಆಮೇಲೆ ತೂರೇನ್. ಇಲ್ಲಿ ಬಿಳಿಯದಕ್ಕೆ ಶೆನಿನ್ ಬ್ಲಾಂ ದ್ರಾಕ್ಷಿ, ಕೆಂಪಿಗೆ ಕ್ಯಾಬರ್ನೆ ಫ್ರಾಂ. ಕೊನೆಗೆ ಸಾನ್ಸೆರ್, ಪುಯಿ ಫ್ಯುಮೆ, ಅಲ್ಲಿ ಸೋವಿನ್ಯೋಂ ಬ್ಲಾಂ. ಒಣ (ಅಂದರೆ ಸಿಹಿಯಿಲ್ಲದ) ಬಿಳಿ, ಸಿಹಿ ಬಿಳಿ, ಕೆಂಪು, ರೋಸೆ ಅನ್ನುವ ನಸುಗೆಂಪು, ನೊರೆ ಉಕ್ಕುವುದು, ಎಲ್ಲವೂ ಒಂದೇ ನದಿಯ ದಂಡೆಯಲ್ಲಿ. ಏಜೆಂಟ್ ಬಸ್ಸಿನಲ್ಲಿ ಮೈಕ್ ಹಿಡಿದು ಹತ್ತು ಸಲ ಹೇಳಿದ ಮಾತು ಅದೇ: ಎಷ್ಟು ವೈವಿಧ್ಯ ನೋಡಿ!

ಆ ವೈವಿಧ್ಯವೇ ನನ್ನನ್ನು ಕೆಡವಿದ್ದು.

ಎರಡನೇ ದಿನ ವೂವ್ರೆಗೆ ಹೋದೆವು. ತೂರ್ ನಗರದ ಪಕ್ಕದ ಊರು. ತುಫೋ ಅನ್ನುವ ಮೆತ್ತನೆಯ ಸುಣ್ಣಕಲ್ಲಿನ ಗುಡ್ಡ ಕೊರೆದು ನೆಲಮಾಳಿಗೆ ಮಾಡಿದ್ದಾರೆ, ಒಳಗೆ ಹೋದರೆ ಫ್ರಿಜ್‌ನಲ್ಲಿ ನಿಂತ ಹಾಗೆ. ಬೆಳಗ್ಗೆಯಿಂದ ನಲವತ್ತು ವೈನ್ ಆಗಿತ್ತು. ರುಚಿ ನೋಡಿ ಉಗುಳಿ ಉಗುಳಿ ನಾಲಿಗೆ ಮರಗಟ್ಟಿತ್ತು. ಅಲ್ಲಿ ಒಬ್ಬ ವೈನ್‌ಗಾರರು ಸಾಲಾಗಿ ಐದು ಗ್ಲಾಸ್ ಕೊಟ್ಟರು. ಎರಡನೆಯದು ಅದ್ಭುತ. ನನ್ನ ಪುಸ್ತಕದಲ್ಲಿ ಏನು ಬರೆದುಕೊಂಡೆ ಗೊತ್ತಾ? "ವೂವ್ರೆ, 2ನೇದು, ತುಂಬಾ ಚೆನ್ನಾಗಿದೆ." ಅಷ್ಟೇ. ಇಪ್ಪತ್ತು ರೂಪಾಯಿಯ ಸಾಮಾನು ತರಲು ಹೋದರೂ ಇದಕ್ಕಿಂತ ಸರಿಯಾಗಿ ಚೀಟಿ ಬರೆಯುತ್ತೇವೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವೂವ್ರೆ ಅನ್ನುವುದು ಒಂದು ವೈನ್ ಅಲ್ಲ. ಅದೇ ಊರು, ಅದೇ ಶೆನಿನ್ ದ್ರಾಕ್ಷಿ, ಲೇಬಲ್ ಮೇಲೆ ಅದೇ ಹೆಸರು, ಆದರೆ ಒಳಗೆ ಇರುವುದು ಒಣ ವೈನೂ ಆಗಬಹುದು, ಅರೆ ಸಿಹಿಯೂ ಆಗಬಹುದು, ಜೇನಿನಂಥ ಸಿಹಿಯೂ ಆಗಬಹುದು, ನೊರೆಯದೂ ಆಗಬಹುದು. ಅಂಗಡಿಗೆ ಹೋಗಿ "ಅಕ್ಕಿ ಕೊಡಿ" ಅಂದ ಹಾಗೆ. ಸೋನಾ ಮಸೂರಿಯೋ ಕುಸುಬಲಕ್ಕಿಯೋ ಹೇಳದಿದ್ದರೆ ಅವನು ಇದ್ದದ್ದನ್ನು ಕಟ್ಟಿಕೊಡುತ್ತಾನೆ.

ಬೆಂಗಳೂರಿಗೆ ಬಂದ ಮೇಲೆ ಏಜೆಂಟ್ ಕಳಿಸಿದ ಎಕ್ಸೆಲ್ ಶೀಟ್ ತುಂಬಿಸಿದೆ. ಆ ಉತ್ಪಾದಕರ ಹೆಸರು, ವೂವ್ರೆ, 40 ಕೇಸ್. ರುಚಿ ನೋಡಿದ್ದು ಒಣ ವೈನ್, ಅದನ್ನೇ ಕಳಿಸುತ್ತಾರೆ ಅಂತ ನನ್ನ ಲೆಕ್ಕ. ಆದರೆ 2021ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಪೂರ್ತಿ ಹಿಮಗಾಳಿ ಹೊಡೆದು ಚಿಗುರು ಸುಟ್ಟುಹೋಗಿತ್ತು, ಲುವಾರ್‌ನಲ್ಲೂ ಆ ವರ್ಷ ಬೆಳೆ ಕಡಿಮೆ. ಈ ಉತ್ಪಾದಕರ ಹತ್ತಿರ ಒಣ ವೈನ್ ಹೆಚ್ಚೇನೂ ಉಳಿದಿರಲಿಲ್ಲ, ಇದ್ದದ್ದು ಹಳೆಯ ಗಿರಾಕಿಗಳಿಗೆ ಹೋಯಿತು. ನನಗೆ ಬಂದದ್ದು ಡೆಮಿ ಸೆಕ್, ಅಂದರೆ ಅರೆ ಸಿಹಿ. ಕೇಳಿದರೆ ಬಂದ ಉತ್ತರ ಒಂದೇ ಸಾಲು: ನೀವು ವೂವ್ರೆ ಅಂತ ಬರೆದಿದ್ದೀರಿ, ಇದು ವೂವ್ರೆ. ಏನು ಹೇಳಲಿ?

ಇದಕ್ಕಿಂತ ನಗೆಪಾಟಲು ಇನ್ನೊಂದಿದೆ. ಬಸ್ಸಿನಲ್ಲಿ ಕಲಿತ ಪಾಠ, ಸೆಕ್ ಅಂದರೆ ಒಣ. ಅದನ್ನು ಬಳಸಲೇಬೇಕು ಅಂತ ಹುಮ್ಮಸ್ಸು ಬಂದು ಸೋಮ್ಯೂರ್‌ನ ನೊರೆ ವೈನ್ ಸಾಲಿನಲ್ಲಿ "ಸೆಕ್" ಅಂತ ನೀಟಾಗಿ ಟೈಪ್ ಮಾಡಿದೆ. ಮಾಮೂಲಿ ವೈನ್‌ನಲ್ಲಿ ಸೆಕ್ ಅಂದರೆ ಲೀಟರಿಗೆ 4 ಗ್ರಾಂ ಸಕ್ಕರೆಯ ಒಳಗೆ, ಹುಳಿ ಜಾಸ್ತಿ ಇದ್ದರೆ 9ರವರೆಗೂ ಬಿಡುತ್ತಾರೆ. ಆದರೆ ನೊರೆ ವೈನ್‌ನಲ್ಲಿ ಅದೇ ಪದಕ್ಕೆ ಅರ್ಥ 17ರಿಂದ 32 ಗ್ರಾಂ! ಒಣದ್ದು ಬೇಕಿದ್ದರೆ ಬ್ರೂಟ್ ಅಂತ ಬರೆಯಬೇಕಿತ್ತು, ಅದು 12ರ ಒಳಗೆ. ಬರೆಯಲೇಬೇಕಾದ ಕಡೆ ಖಾಲಿ ಬಿಟ್ಟೆ, ಸುಮ್ನೆ ಇರಬೇಕಾದ ಕಡೆ ಜಾಣತನ ತೋರಿಸಿದೆ.

ಆ ವೂವ್ರೆ ಕೊಂಡಿದ್ದ ಇಂದಿರಾನಗರದ ಒಂದು ರೆಸ್ಟೋರೆಂಟಿನ ಮ್ಯಾನೇಜರ್ ಫೋನ್ ಮಾಡಿದರು. "ಸಾರ್, ನೀವು ಡ್ರೈ ಅಂತ ಹೇಳಿ ಕೊಟ್ರಿ, ಇದು ಮದುವೆ ಮನೆ ಪಾನಕ ಇದ್ದ ಹಾಗಿದೆ." ಆವತ್ತು ನಾನೇ ಒಂದು ಬಾಟಲಿ ತೆರೆದು ನಮ್ಮ ಆಫೀಸಿನ ಸೆಕೆಯಲ್ಲಿ ಕುಡಿದು ನೋಡಿದೆ. ಸಿಹಿ ತಕ್ಷಣ ಗೊತ್ತಾಯಿತು. ಆ ತಣ್ಣನೆಯ ನೆಲಮಾಳಿಗೆಯಲ್ಲಿ ಈ ಡೆಮಿ ಸೆಕ್ ಕೂಡ ಐದರಲ್ಲಿ ಒಂದಾಗಿತ್ತು, ನನಗೆ ಅಲ್ಲಿ ಸಿಹಿಯೇ ಕಂಡಿರಲಿಲ್ಲ. ಶೆನಿನ್‌ನ ಹುಳಿ ಎಷ್ಟು ಚುರುಕು ಅಂದರೆ ಸಕ್ಕರೆಯನ್ನು ಮುಚ್ಚಿಬಿಡುತ್ತದೆ, ಅದರ ಮೇಲೆ ಚಳಿ ಬೇರೆ. ಹಾಗಾಗಿ ನಿಜ ಹೇಳಬೇಕೆಂದರೆ ನನ್ನ ಆ "2ನೇದು" ಯಾವುದು ಅಂತ ಈಗಲೂ ಎದೆ ತಟ್ಟಿ ಹೇಳಲಾರೆ.

ಈಗ ನಾನು ಮಾಡುವುದು ಇಷ್ಟು. ಇಷ್ಟವಾದ ಬಾಟಲಿಯ ಮುಂದೆ ಹಿಂದೆ ಎರಡೂ ಕಡೆ ಫೋಟೋ, ಯಾವ ಕಂತಿನಲ್ಲಿ ತುಂಬಿದ್ದು ಅಂತ ತಿಳಿಸುವ ಲಾಟ್ ನಂಬರ್ ಕಾಣುವ ಹಾಗೆ. ಮಾಲು ಕಳಿಸುವ ಮೊದಲೇ ಅವರು ಕೊಡುವ ಬಿಲ್ಲಿನಲ್ಲೇ (ಪ್ರೊಫಾರ್ಮಾ ಇನ್‌ವಾಯ್ಸ್) ಬೆಳೆಯ ವರ್ಷ, ಲಾಟ್, ಲೀಟರಿಗೆ ಎಷ್ಟು ಗ್ರಾಂ ಸಕ್ಕರೆ, ಮೂರೂ ಬರೆಸದೆ ಹಣ ಕಳಿಸುವುದಿಲ್ಲ. ಸೆಕ್, ಡೆಮಿ ಸೆಕ್ ಅನ್ನುವ ಪದಗಳನ್ನು ನಂಬುವುದಿಲ್ಲ, ಗ್ರಾಂ ಕೇಳುತ್ತೇನೆ. ಎರಡು ಸ್ಯಾಂಪಲ್ ಬಾಟಲಿ ತರಿಸಿ, ಒಂದನ್ನು ಇಲ್ಲಿನ ಊಟದ ಜೊತೆ ಕುಡಿದು, ಇನ್ನೊಂದನ್ನು ಮಾಲು ಬರುವವರೆಗೆ ಸೀಲ್ ಸಮೇತ ಇಡುತ್ತೇನೆ.

ಹೆಸರುಗಳ ಬಲೆ ಇನ್ನೂ ಇವೆ. ಕ್ಯಾಬರ್ನೆ ದಾಂಜೂ ಅಂತ ಬರೆದಿದ್ದರೆ ಕೆಂಪು ವೈನ್ ಅಂದುಕೊಳ್ಳುತ್ತೀರಿ, ಅದು ಸಿಹಿಯಾದ ರೋಸೆ. ಪುಯಿ ಫ್ಯುಮೆ ಲುವಾರ್‌ನ ಸೋವಿನ್ಯೋಂ, ಪುಯಿ ಫುಯಿಸ್ಸೆ ಫ್ರಾನ್ಸ್‌ನ ಇನ್ನೊಂದು ಪ್ರದೇಶವಾದ ಬರ್ಗಂಡಿಯ ಶಾರ್ಡನೆ ದ್ರಾಕ್ಷಿಯದು. ಇನ್ನು ಪುಯಿ ಸುರ್ ಲುವಾರ್ ಅಂತ ಬರೆದಿದ್ದರೆ ಅದು ಫ್ಯುಮೆ ಬೆಳೆಯುವ ಊರಿನದೇ, ಆದರೆ ಶಾಸೆಲಾ ಅನ್ನುವ ಬೇರೆ ದ್ರಾಕ್ಷಿಯದು. ಅದೃಷ್ಟಕ್ಕೆ ಇದರಲ್ಲಿ ನಾನು ಬೀಳಲಿಲ್ಲ, ನಮ್ಮ ಜೊತೆ ಬಂದಿದ್ದ ಒಬ್ಬ ಬಯರ್ ಬಿದ್ದರು.

ಆದರೆ ದುಡ್ಡು ಹೋದದ್ದು ಸಿಹಿಯಿಂದ ಮಾತ್ರ ಅಲ್ಲ. ಪೂರ್ತಿ ಮ್ಯಾಪ್ ತೋರಿಸಿದರೆ ಪೂರ್ತಿ ಮ್ಯಾಪನ್ನೇ ಕೊಳ್ಳಬೇಕು ಅನಿಸುತ್ತದೆ. ನಾನು ಒಟ್ಟು 13 ವೈನ್ ಆರಿಸಿದೆ, ಕೆಲವು ಹತ್ತೇ ಕೇಸ್. ಶಿನೋನ್ ಒಂದಿಷ್ಟು, ಬೂರ್ಗೈ ಒಂದಿಷ್ಟು. ಎರಡೂ ಕ್ಯಾಬರ್ನೆ ಫ್ರಾಂ, ಎರಡೂ ಅಕ್ಕಪಕ್ಕದ ಊರು. ನಮ್ಮ ಗಿರಾಕಿಗೆ ಅದರ ವ್ಯತ್ಯಾಸ ಹೇಳುವಷ್ಟರಲ್ಲಿ ಊಟವೇ ಮುಗಿದಿರುತ್ತದೆ. ಆಗ ಸುಂಕ, ಸೆಸ್ ಸೇರಿ 150 ಪರ್ಸೆಂಟ್. ಅದು ಹೇಗೂ ಗೊತ್ತಿದ್ದದ್ದೇ. ಮರೆತದ್ದು ಲೇಬಲ್ ಲೆಕ್ಕ. ಕರ್ನಾಟಕದಲ್ಲಿ ಒಂದೊಂದು ಲೇಬಲ್‌ಗೂ ಅಬಕಾರಿ ಇಲಾಖೆಯ ಅನುಮತಿ ಬೇರೆ, ಶುಲ್ಕ ಬೇರೆ. ಹತ್ತು ಕೇಸ್ ತಂದರೂ ಅಷ್ಟೇ, ಸಾವಿರ ಕೇಸ್ ತಂದರೂ ಅಷ್ಟೇ. ಬಂದರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ತಪಾಸಣೆಗೆ ಸ್ಯಾಂಪಲ್ ಎತ್ತುವುದೂ ಒಂದೊಂದರಿಂದಲೂ. ಹತ್ತು ಕೇಸ್ ಶಿನೋನ್ ಮೇಲೆ ಇಷ್ಟನ್ನೆಲ್ಲ ಹಂಚಿ ನೋಡಿದಾಗ ಬಾಟಲಿ ಬೆಲೆ ನೋಡಿ ಬಾಸ್ ಏನೂ ಮಾತಾಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಇನ್ನೊಂದು, ಏಜೆಂಟ್ ಕೊಟ್ಟ ಬೆಲೆ ಅವರ ಗೋದಾಮಿನ ಬಾಗಿಲವರೆಗಿನದು. ಅಲ್ಲಿಂದ ಆಚೆ ಎಲ್ಲಾ ನಮ್ಮದೇ. ಸಣ್ಣ ಲೋಡು ಅಂತ ಬೇರೆಯವರ ಸಾಮಾನಿನ ಜೊತೆ ಮಾಮೂಲಿ ಕಂಟೇನರ್‌ನಲ್ಲಿ ಹಾಕಿಸಿದೆ, ತಣ್ಣಗಿಡುವ ರೀಫರ್‌ಗೆ ದುಡ್ಡು ಜಾಸ್ತಿ ಅಂತ. ಮೇ ತಿಂಗಳಲ್ಲಿ ಚೆನ್ನೈ ಬಂದರಿನಲ್ಲಿ ಹನ್ನೊಂದು ದಿನ ನಿಂತಿತು. ಮುಸ್ಕಾದೆಯ ಕೆಲವು ಬಾಟಲಿಗಳ ಕಾರ್ಕ್ ಮೇಲೆದ್ದಿತ್ತು. ಒಳಗಿನ ವೈನ್ ಬೇಯಿಸಿದ ಸೇಬಿನ ಹಾಗೆ. ಅಷ್ಟು ಇಷ್ಟಪಟ್ಟು ತರಿಸಿದ್ದು, ಚರಂಡಿಗೆ ಸುರಿದೆವು. ಏನೇ ಆಗಲಿ, ಬಿಸಿಲು ಸೆಕೆಯ ತಿಂಗಳುಗಳಲ್ಲಿ ರೀಫರ್ ಇಲ್ಲದೆ ತರಿಸಬೇಡಿ. ರೀಫರ್ ತುಂಬುವಷ್ಟು ಮಾಲಿಲ್ಲದಿದ್ದರೆ ಇನ್ನೊಬ್ಬ ಆಮದುದಾರರ ಜೊತೆ ಸೇರಿ ಮಾಡಿ, ಅಥವಾ ಅಕ್ಟೋಬರ್ ಕಳೆಯುವವರೆಗೆ ಕಾಯಿರಿ.

ಮತ್ತೆ ಹೋದರೆ ಒಂದು ಊರು, ಒಬ್ಬರು ಅಥವಾ ಇಬ್ಬರು ಉತ್ಪಾದಕರು, ಹೆಚ್ಚೆಂದರೆ ಮೂರು ಲೇಬಲ್. ಉಳಿದದ್ದನ್ನೆಲ್ಲ ಕುಡಿದು, ಮೆಚ್ಚಿ, ಧನ್ಯವಾದ ಹೇಳಿ ಬರುತ್ತೇನೆ.

ಡೆಮಿ ಸೆಕ್ ಮಾತ್ರ ಕೊನೆಗೆ ಹೇಗೋ ದಾಟಿತು. ಕರಾವಳಿ ಊಟದ ಹೋಟೆಲ್ ನಡೆಸುವ ಪರಿಚಯದವರೊಬ್ಬರು ಚಿಕನ್ ಘೀ ರೋಸ್ಟ್ ಜೊತೆ ಇಟ್ಟು ನೋಡಿ, "ಮಾರಾಯ್ರೆ, ಖಾರಕ್ಕೆ ಇದು ಲಾಯಕ್ಕಿದೆ" ಅಂದು ಮೂವತ್ತು ಕೇಸ್ ತೆಗೆದುಕೊಂಡರು, ಅದೂ ಅಸಲು ಬೆಲೆಗೆ. ಸೋಮ್ಯೂರ್ ಸೆಕ್ ಒಂಬತ್ತು ಕೇಸ್ ಗೋದಾಮಿನಲ್ಲೇ ಇದೆ. ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಆಮೇಲೆ ಮಾರಬೇಕಾದರೆ ಆ ಲೇಬಲ್‌ಗೆ ಮತ್ತೆ ಶುಲ್ಕ ಕಟ್ಟಬೇಕು. ಕಟ್ಟೋಣವೋ ಬೇಡವೋ ಅಂತ ಬಾಸ್ ನನ್ನನ್ನೇ ಕೇಳುತ್ತಿದ್ದಾರೆ.