ಹ್ಯೂಸ್ಟನ್ನೋ, ಶಿಕಾಗೋನೋ?

ಊರು ದೊಡ್ಡದಿರಬೇಕು, ಬಾಡಿಗೆ ಕೈಗೆಟುಕಬೇಕು ಎನ್ನುವವರಿಗೆ ಅಮೆರಿಕದ ಈ ಎರಡೂ ನಗರಗಳು ಒಳ್ಳೆಯ ಆಯ್ಕೆ. ಒಂಟಿಯಾಗಿದ್ದರೆ ಶಿಕಾಗೋ, ಸಂಸಾರಸ್ಥರಿಗೆ ದೊಡ್ಡ ಮನೆ ಬೇಕಿದ್ದರೆ ಹ್ಯೂಸ್ಟನ್ ಎನ್ನಬಹುದು.

ಹ್ಯೂಸ್ಟನ್ ಇರುವ ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಶಿಕಾಗೋ ಇರುವ ಇಲಿನಾಯ್‌ನಲ್ಲಿ ಶೇ. 4.95. ಅಷ್ಟಕ್ಕೇ ಹಿಗ್ಗಬೇಡಿ. ಹ್ಯೂಸ್ಟನ್ನಿನಲ್ಲಿ ಕೆಲಸಕ್ಕೆ ಹೋಗುವ ಬಹುತೇಕರಿಗೆ ಕಾರು ಬೇಕಾಗುತ್ತದೆ. ಮನೆ ತೆರಿಗೆ ಮೌಲ್ಯದ ಶೇ. 2ರ ಆಸುಪಾಸು. ನೆರೆ ಇನ್ನೂ ದೊಡ್ಡ ತಲೆನೋವು: ಮಾಮೂಲಿ ಮನೆ ವಿಮೆಗೆ ಅದು ಸೇರುವುದಿಲ್ಲ. ಸರ್ಕಾರಿ ನೆರೆ ವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು, ಚಂಡಮಾರುತದ ಸುದ್ದಿ ಬಂದ ಮೇಲೆ ಕೊಂಡು ಪ್ರಯೋಜನವಿಲ್ಲ. 2017ರ ಹಾರ್ವೆ ಚಂಡಮಾರುತದಲ್ಲಿ ಮನೆಗೆ ನೀರು ನುಗ್ಗಿತ್ತೇ ಎಂದು ಕೇಳಿಯೇ ಮುಂಗಡ ಕೊಡಿ.

ಶಿಕಾಗೋದ ರೆಡ್, ಬ್ಲೂ ಲೈನ್ ರೈಲುಗಳು ರಾತ್ರಿಯಿಡೀ ಓಡುತ್ತವೆ. ಮನೆ ತೆರಿಗೆ ಅಲ್ಲೂ ಕಡಿಮೆಯೇನಲ್ಲ. ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆಯೇ ನೋಡಿಕೊಳ್ಳಿ. ಹಳೇ ಇಟ್ಟಿಗೆ ಕಟ್ಟಡದ ಸಂದು ಬಿಟ್ಟ ಕಿಟಕಿ ಜನವರಿಯ ಗ್ಯಾಸ್ ಬಿಲ್ಲನ್ನು ಏರಿಸಿಬಿಡುತ್ತದೆ.